ಗಾಯ: ಸೊನ್ನೆ

ಮೇ 12, ಬೆಳಿಗ್ಗೆ 5.40
ಮತ್ತೆ ಹಾರ್ನ್. ಸೇಫ್ಟಿ ಮ್ಯಾನೇಜರ್ ರಸೆಲ್ ಸ್ವತಃ ಕಾರು ತಂದಿದ್ದಾನೆ. ಎಡಗೈಯಲ್ಲೇ ಅಂಗಿಯ ಗುಂಡಿ ಹಾಕಿಕೊಂಡೆ, ಎಡಗೈಯಲ್ಲೇ ಇದನ್ನು ಗೀಚುತ್ತಿದ್ದೇನೆ. ಗಣಿಯ ಕ್ರಷರ್ ಬಲಗೈಯ ಮೂರು ಬೆರಳು ತಿಂದು ಇಂದಿಗೆ ಎಂಟು ದಿನ. ಒಂದು ದಿನವೂ ರಜೆ ಇಲ್ಲ. ಗಾಯಾಳು ಮಾರನೆಯ ದಿನವೇ ಹಾಜರಾದರೆ ಕಂಪನಿಯ ವರದಿಯಲ್ಲಿ ಅದು ಲೆಕ್ಕಕ್ಕಿಲ್ಲವಂತೆ. ಅದಕ್ಕೇ ಆಸ್ಪತ್ರೆಯಿಂದ ನೇರ ಆಫೀಸಿಗೆ. ಮೂಲೆಯಲ್ಲಿ ಕುರ್ಚಿ. ಕೂರುವುದೇ ಕೆಲಸ.

ಮೇ 15
ನೋವು. ಮಾತ್ರೆ ನುಂಗಿ ತೂಕಡಿಸುತ್ತಿದ್ದೆ. ರಸೆಲ್ ಭುಜ ತಟ್ಟಿದ. "ಸುಮ್ನೆ ಕೂತು ಬೇಜಾರಲ್ವಾ ಕ್ಲೆಮ್? ಕಂಪನಿಯ ಈ ವರ್ಷದ ಸಸ್ಟೈನಬಿಲಿಟಿ ರಿಪೋರ್ಟ್ ಕರಡು ಓದಿ ಸ್ವಲ್ಪ ತಪ್ಪು ತಿದ್ದು."
ಓದಿದೆ. ಪುಟ ಹದಿನಾಲ್ಕು — 'ನಮ್ಮ ಜನ, ನಮ್ಮ ಹೊಣೆ'. ಕೆಲಸ ತಪ್ಪಿಸಿದ ಗಾಯ: ಸೊನ್ನೆ. ಸತತ ಮೂರನೇ ವರ್ಷ. ಪಕ್ಕದ ಫೋಟೊದಲ್ಲಿ ಹಲ್ಲು ಕಿರಿಯುವ ರಸೆಲ್. ಒಂದು ಕಾಮಾ ಬಿಟ್ಟುಹೋಗಿತ್ತು. ಹಾಕಿದೆ.

ಜೂನ್ 9
ರಸೆಲ್‌ಗೆ ಪರ್ತ್‌ನ ಹೆಡ್ಡಾಫೀಸಿನಿಂದ ಫೋನ್. ಸೊನ್ನೆ ಉಳಿದರೆ ಅವನಿಗೆ ಪ್ರಶಸ್ತಿ, ಅಲ್ಲೇ ದೊಡ್ಡ ಹುದ್ದೆ. ವರದಿಯ ವರ್ಷ ಮುಗಿಯುವುದು ಜೂನ್ ಮೂವತ್ತಕ್ಕೆ. ಒಂದು ದಿನ ನಾನು ಮನೆಯಲ್ಲಿ ಮಲಗಿದರೆ ಸೊನ್ನೆ ಹೋಗಿ ಒಂದು.
ನಾಳೆಯೇ ಮಲಗಬಹುದು. ಬೇಡ. ಅವನು ಪ್ರಶಸ್ತಿಗೆಂದು ಹೊಸ ಸೂಟು ತರಲಿ. ಕೊನೆಯ ದಿನವೇ ಆಗಲಿ…

ಜೂನ್ 29
ಹೆಂಡತಿಗೆ ಹೇಳಿದೆ. "ನಾಳೆ ಹೋಗಲ್ಲ ನೋಯೆಲೀನ್."
"ಕೆಲಸ ಹೋದ್ರೆ?"
"ಹೋಗ್ಲಿ."
ಪಾತ್ರೆ ತೊಳೆಯುತ್ತಲೇ ಇದ್ದಳು. ಆಮೇಲೆ, "ಬಾಗಿಲಿಗೆ ಎರಡೂ ಚಿಲಕ ಹಾಕ್ತೀನಿ" ಅಂದಳು.

ಜೂನ್ 30, ಬೆಳಿಗ್ಗೆ 6.10
ಹಾರ್ನ್. ನಾಲ್ಕು ಸಲ. ಮಲಗೇ ಇದ್ದೇನೆ. ಎಂಥ ಸುಖ.

9.00
ಬಾಗಿಲ ಹೊರಗೆ ರಸೆಲ್. "ಗೇಟ್ ತನಕ ಬಂದು ಹಾಜರಿ ಕಾರ್ಡ್ ಉಜ್ಜಿ ವಾಪಸ್ ಬಾರೋ, ಸಾಕು."
ನೋಯೆಲೀನ್ ಒಳಗಿನಿಂದಲೇ, "ಮಲಗಿದ್ದಾನೆ. ಗಾಯ ಆಗಿದೆಯಲ್ಲ, ಯಾರೂ ಹೇಳ್ಲಿಲ್ವಾ ನಿಮ್ಗೆ?"
ದಿಂಬು ಕಚ್ಚಿಕೊಂಡು ನಕ್ಕೆ.

ಸಂಜೆ 5.20
ಆರಕ್ಕೆ ಪಾಳಿ ಮುಗಿಯುತ್ತದೆ; ಅಷ್ಟರೊಳಗೆ ನನ್ನ ಹಾಜರಿ ಬೀಳದಿದ್ದರೆ ಸೊನ್ನೆ ಹೋಯಿತು. ಮತ್ತೆ ಬಂದಿದ್ದಾನೆ. ಮಲಗುವ ಕೋಣೆಯ ಕಿಟಕಿಗೇ. ಕೈಯಲ್ಲಿ ಲ್ಯಾಪ್‌ಟಾಪ್, ಮುಖವೆಲ್ಲ ಬೆವರು. "ಮನೆಯಿಂದ ಕೆಲಸ ಅಂತ ಬರ್ಕೋತೀನಿ ಕ್ಲೆಮ್. ನಿನ್ನ ಕಾಲಿಗೆ ಬೀಳ್ತೀನಿ. ಒಂದೇ ಒಂದು ಅಕ್ಷರ ಒತ್ತು. ಯಾವ ಬೆರಳಲ್ಲಾದ್ರೂ ಸರಿ."
ಬಲಗೈ ಬ್ಯಾಂಡೇಜ್ ಬಿಚ್ಚಿಟ್ಟಿದ್ದೇನೆ. ಇಲ್ಲದ ಮೂರರಲ್ಲಿ ಯಾವ ಬೆರಳು ಅಂತ ಅವನೇ ಆರಿಸಲಿ. ಪರದೆ ಸರಿಸಿ, ಆ ಕೈಯನ್ನೇ ಅವನ ಮುಖದ ಹತ್ತಿರಕ್ಕೆ —