ನಲವತ್ಮೂರು ಬದಲಾವಣೆ, ಒಂದು ಬಾಯಿಮಾತು

ಫೆಬ್ರವರಿ 3, ಬೆಳಗ್ಗೆ 7

ಇಸ್ತ್ರಿ ಯಂತ್ರ ಶುರುವಾಯಿತು. ಬಿಳಿ ಹಾಸುಬಟ್ಟೆಗಳು ಹಬೆಯೊಳಗಿಂದ ಒಂದರ ಹಿಂದೊಂದು ಜಾರಿ ಬರುತ್ತಿವೆ. ಮೂವತ್ತು ವರ್ಷ ನೋಡಿದ್ದೇನೆ. ಈಗಲೂ ನೋಡುತ್ತ ನಿಂತರೆ ಕಾಲ ಕೆಳಗಿನ ನೆಲ ಮರೆತುಹೋಗುತ್ತದೆ.

ನಾಳೆ ಸಹಿಯ ದಿನ. ದೊಡ್ಡಾಸ್ಪತ್ರೆಯ ಬಟ್ಟೆಯೆಲ್ಲ ಒಗೆಯುವುದು ನಮ್ಮಲ್ಲೇ. ಯಾವ ಟ್ರಾಲಿ ಯಾವ ವಾರ್ಡಿಗೆ ಎಂದು ಹೇಳುವುದು ಕಂಪ್ಯೂಟರ್. ಮೇಲಿನ ಮಹಡಿಯಲ್ಲಿ ಸೊಸೆಯ ಜನ ಪ್ರೋಗ್ರಾಂ ಬರೆಯುತ್ತಾರೆ. ಕೆಳಗೆ ತಮ್ಮನ ಜನ ನಡೆಸುತ್ತಾರೆ. ಏನೇ ಬದಲಾವಣೆಯಿದ್ದರೂ ತಿಂಗಳ ಮೊದಲ ಶನಿವಾರ, ನನ್ನ ಸಹಿ ಬಿದ್ದ ಮೇಲೆ. ನಾನು ಮಾಡಿದ ನಿಯಮ.

ಸೊಸೆಯದು ಮತ್ತೆ ಅದೇ ರಾಗ. ಡೆವ್‌ಆಪ್ಸ್. ಕೆಮ್ಮಿನ ಔಷಧಿಯ ಹೆಸರಿನ ಹಾಗಿದೆ.

“ಬರೆಯೋರು ನಡೆಸೋರು ಒಟ್ಟಿಗೆ ಕೂರಬೇಕು ಅತ್ತೆ. ತಿಂಗಳಿಗೊಂದು ಹೊರೆ ಬೇಡ, ದಿನಾ ಚೂರು ಚೂರೇ ಬದಲಾಯಿಸೋಣ. ತಪ್ಪಾದ್ರೆ ನಿಮಿಷದಲ್ಲಿ ಹಿಂದಕ್ಕೆ ತಗೋಬಹುದು.”

“ನನ್ನ ಸಹಿ?”

“ಬೇಕಾಗಲ್ಲ.”

“ಹಾಗಿದ್ರೆ ನಾನೂ ಬೇಕಾಗಲ್ಲ ಅನ್ನು.”

ನಕ್ಕಳು. ನಾನು ನಗಲಿಲ್ಲ.

ಫೆಬ್ರವರಿ 4

ಸಹಿ ಹಾಕಿದೆ. ನಲವತ್ಮೂರು ಬದಲಾವಣೆ. ಎಲ್ಲ ಓದಿದೆ. ಅರ್ಥವಾದದ್ದು ಮೂರು — ಯಾರಿಗೂ ಹೇಳಿಲ್ಲ.

ಫೆಬ್ರವರಿ 5, ಸಂಜೆ

ಹೆರಿಗೆ ವಾರ್ಡಿನ ಹೆಡ್ ನರ್ಸ್ ಫೋನ್. ಬಟ್ಟೆ ತಡವಾಗಿ ಬರುತ್ತದಂತೆ. ಮುಂದಿನ ಸಹಿಗೆ ನಾಲ್ಕು ವಾರ. ಅಲ್ಲಿಯವರೆಗೆ ಕಾಯಿರಿ ಎಂದು ಹಸುಗೂಸುಗಳಿಗೆ ಹೇಳಲೇ? ತಮ್ಮನನ್ನು ಕರೆದೆ.

“ಹೆರಿಗೆ ವಾರ್ಡನ್ನ ಪಟ್ಟಿಯ ಮೇಲಕ್ಕೆ ಹಾಕು.”

“ಮಹಡಿಯವರಿಗೆ ಬರೆದು ಕೊಡಬೇಕಲ್ಲ ಅಕ್ಕಾ?”

“ನನ್ನ ಮಾತಿಗೆ ಬೆಲೆ ಇಲ್ವಾ?”

ಹಾಕಿದ. ನೇರ, ಓಡುತ್ತಿದ್ದ ಪಟ್ಟಿಯಲ್ಲೇ.

ಫೆಬ್ರವರಿ 6

ಮಾನ ಹೋಯಿತು. ಪ್ರತಿ ವಾರ್ಡಿಗೂ ಪಕ್ಕದ ವಾರ್ಡಿನ ಬಟ್ಟೆ. ಆಪರೇಷನ್ ಥಿಯೇಟರಿಗೆ ಮಕ್ಕಳ ಹೊದಿಕೆ — ಚಿಟ್ಟೆ ಚಿತ್ರದವು. ಮೂರು ಆಪರೇಷನ್ ಮುಂದಕ್ಕೆ ಹೋದವು. ಒಬ್ಬ ಮುದುಕ ಸಂಜೆಯವರೆಗೆ ಖಾಲಿ ಹೊಟ್ಟೆಯಲ್ಲಿ ಮಲಗಿದ್ದನಂತೆ.

ಮೆಟ್ಟಿಲ ಬಳಿ ನಿಂತು ಕೂಗಿದೆ. “ಯಾರು? ಯಾರ ಕೆಲಸ ಇದು?” ಮೇಲಿನವರು ಕೆಳಗೆ ಬೆರಳು ತೋರಿಸಿದರು, ಕೆಳಗಿನವರು ಮೇಲೆ. “ನಮ್ಮ ಕಂಪ್ಯೂಟರಲ್ಲಿ ಸರಿಯಾಗೇ ಇತ್ತು,” ಎಂದಳು ಮೇಲಿನ ಒಬ್ಬ ಹುಡುಗಿ. “ಹಾಗಾದ್ರೆ ನಿಮ್ಮ ಕಂಪ್ಯೂಟರನ್ನೇ ಆಸ್ಪತ್ರೆಗೆ ಕಳಿಸಿ, ಹಾಸ್ಕೊಳ್ಳಲಿ,” ಎಂದ ಕೆಳಗಿನ ಮೇಸ್ತ್ರಿ.

ಫೆಬ್ರವರಿ 7

ಬೆಳಗಿನ ಜಾವ ಕನಸು. ಉದ್ದನೆಯ ಓಣಿ, ಬಾಗಿಲುಗಳೇ ಇಲ್ಲ. ಬಿಳಿ ಬಟ್ಟೆಗಳು ಗಾಳಿಯಲ್ಲಿ ಈಜುತ್ತ ಬಂದು “ನಾವು ಯಾರ ಮನೆಯವರು?” ಎಂದು ನನ್ನನ್ನೇ ಕೇಳುತ್ತಿವೆ…

ಹತ್ತು ಗಂಟೆಗೆ ತಮ್ಮ ಬಂದ. ಬೀಗದ ಕೈ ಮೇಜಿನ ಮೇಲಿಟ್ಟ. “ತಪ್ಪು ನಂದು ಅಂತ ಎಲ್ಲರಿಗೂ ಹೇಳಿದೀನಿ ಅಕ್ಕಾ. ನಾಳೆಯಿಂದ ಬರಲ್ಲ.” ಆಗ ಹೊಳೆಯಿತು. ಹೆರಿಗೆ ವಾರ್ಡಿಗೆಂದು ನಾನೇ ಹಾಕಿಸಿದ ಆ ಒಂದು ಸಾಲು. ಅವನು ನನ್ನ ಹೆಸರು ಎತ್ತಿರಲಿಲ್ಲ.

ನಾನೂ ಎತ್ತಲಿಲ್ಲ.

ಫೆಬ್ರವರಿ 19

ಬರೆಯಲು ಕೈ ಬರಲಿಲ್ಲ ಇಷ್ಟು ದಿನ.

ನಾಳೆ ಎರಡೂ ಮಹಡಿಯವರ ಸಭೆ. ತಮ್ಮನನ್ನೂ ಸೊಸೆ ಕರೆದಿದ್ದಾಳೆ. “ಯಾರು ಅಂತ ಕೇಳೋ ಹಾಗಿಲ್ಲ ಅತ್ತೆ. ಹೇಗಾಯ್ತು ಅಂತಷ್ಟೇ.”

“ಮತ್ತೆ ಬೈಯೋದು ಯಾರನ್ನ?”

“ಯಾರನ್ನೂ ಇಲ್ಲ.”

ವಿಚಿತ್ರ ಸಭೆ.

ಫೆಬ್ರವರಿ 20, ಮಧ್ಯಾಹ್ನ 3

ಒಂದೇ ಮೇಜು. ಕಿಟಕಿಯಿಂದ ಹಬೆ ತೇಲಿ ಬಂದು ಮುಖಗಳೆಲ್ಲ ಮಸುಕು ಮಸುಕು. ಹೇಗಾಯಿತೆಂದು ಹುಡುಕಿದರು. ಪ್ರೋಗ್ರಾಂ ಟ್ರಾಲಿಗಳನ್ನು ಪಟ್ಟಿಯ ಸಾಲು ಎಣಿಸಿ ಕಳಿಸುತ್ತದೆ. ಯಾರೋ ಮೇಲೊಂದು ಸಾಲು ತುರುಕಿದ್ದಾರೆ. ಕೆಳಗಿನವೆಲ್ಲ ಒಂದೊಂದು ಮನೆ ಜಾರಿವೆ.

“ಅದನ್ನ ಕೈಯಿಂದ ಬದಲಾಯಿಸಿದ್ದು ಯಾಕೆ ಸಾರ್?” ಅದೇ ಹುಡುಗಿ ಕೇಳಿದಳು.

“ಮರೆತುಹೋಗಿದೆ,” ಎಂದ ತಮ್ಮ. ಅವನಿಗೆ ಯಾವುದೂ ಮರೆಯುವುದಿಲ್ಲ.

ಎದ್ದು ನಿಂತೆ. “ನಾನು ಹೇಳಿದೆ, ಅವನು ಹಾಕಿದ.”

ಆ ಹುಡುಗಿಯೇ ಕೇಳಿದಳು — “ಅಮ್ಮನವ್ರಿಗೆ ಬೇರೆ ದಾರಿ ಇತ್ತಾ? ಮುಂದಿನ ಸಹಿಗೆ ನಾಲ್ಕು ವಾರ ಇತ್ತಲ್ಲ?”

ನನ್ನ ನಿಯಮವೇ ನನ್ನಿಂದ ನಿಯಮ ಮುರಿಸಿತ್ತು. ಸೊಸೆ ಬೋರ್ಡಿನ ಮೇಲೆ ಬರೆದಳು: ‘ತಿಂಗಳು ಕಾಯಿಸುವುದು ನಿಲ್ಲಬೇಕು. ಬಾಯಿಮಾತಿನ ದಾರಿ ಮುಚ್ಚಬೇಕು.’ ನನ್ನ ಹೆಸರು ಎಲ್ಲಿಯೂ ಇಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ತಮ್ಮ ಬೀಗದ ಕೈ ವಾಪಸು ತೆಗೆದುಕೊಂಡ. ನನ್ನ ಕಡೆ ನೋಡಲಿಲ್ಲ.

ಮಾರ್ಚ್ 7, ಬೆಳಗ್ಗೆ 10.40

ಸಹಿಯಿಲ್ಲದ ಮೊದಲ ಬದಲಾವಣೆ ಹೋಯಿತು. ಒಂದೇ ಸಾಲು, ಒಂದೇ ವಾರ್ಡಿಗೆ. ಪರೀಕ್ಷೆ ತಾನಾಗಿಯೇ ನಡೆದು ಪರದೆಯಲ್ಲಿ ಹಸಿರು ದೀಪ. ಬರೆದ ಹುಡುಗಿ ಮೇಸ್ತ್ರಿಯ ಪಕ್ಕದಲ್ಲೇ ಕೂತು ನೋಡುತ್ತಿದ್ದಳು. ಏನೂ ಆಗಲಿಲ್ಲ. ಎಷ್ಟು ಹಗುರ! ನನ್ನ ಕೈ ಮಡಿಲಲ್ಲಿ ಸುಮ್ಮನೆ ಬಿದ್ದಿತ್ತು, ಬೇರೆ ಯಾರದೋ ಕೈಯ ಹಾಗೆ.

ಮೇಸ್ತ್ರಿ ಆಮೇಲೆ ಮೆಲ್ಲಗೆ ಕೇಳಿದ. “ತಪಾಸಣೆ ಎಲ್ಲ ಯಂತ್ರವೇ ಮಾಡಿದ್ರೆ ನಾನೇನು ಮಾಡ್ಲಿ ಅಮ್ಮಾವ್ರೇ?” ನನಗೂ ಅದೇ ಪ್ರಶ್ನೆ ಎಂದೆ. ನಕ್ಕ, ಆದರೆ ಕಣ್ಣು ನಗಲಿಲ್ಲ. ಇದನ್ನು ಸೊಸೆಯನ್ನು ಕೇಳಬೇಕು. ಆ ಬೋರ್ಡಿನಲ್ಲಿ ಇದೂ ಇರಬೇಕು.

ಮಾರ್ಚ್ 9, ಮಧ್ಯಾಹ್ನ

ತಮ್ಮ ದಿನಾ ಬರುತ್ತಾನೆ. ಕೆಲಸದ ಮಾತಷ್ಟೇ. ಊಟಕ್ಕೆ ಕೂತರೆ ತಟ್ಟೆ ನೋಡುತ್ತಾನೆ.

ಸಭೆಯಲ್ಲಿ ‘ಯಾರು’ ಎಂದು ಕೇಳಬಾರದು, ಒಪ್ಪಿದೆ. ಕೆಲಸ ಸುಗಮವಾಗುತ್ತದೆ. ಆದರೆ ಅಕ್ಕ ತಮ್ಮನ ನಡುವೆ ಅದು ನಡೆಯುವುದಿಲ್ಲ. ಅಲ್ಲಿ ‘ಯಾರು’ ಎಂದು ಹೇಳಲೇಬೇಕು. ಈ ಬಾಯಿಗೆ ಅಭ್ಯಾಸವಿಲ್ಲ. ಮೊದಲು ಇಲ್ಲಿ ಬರೆದು ನೋಡುತ್ತೇನೆ, ಆಮೇಲೆ ಕೆಳಗಿಳಿದು ಹೋಗಿ ಹೇಳುವುದು.

ತಮ್ಮಾ, ಅವತ್ತು ನೀನು ನನ್ನ ಹೆಸರು ಹೇಳದೆ ಹೊರಟಾಗ ನಾನು ಬಾಯಿ ಬಿಡಲಿಲ್ಲ. ತಪ್ಪು ನಂದು, ನಿಂದಲ್ಲ.