ಪಿತ್ತ ಅಂತ ಬರೆದ ದಿನಗಳು

12-2-1999, ಬೆಳಿಗ್ಗೆ 5.40
ಪಾಪು ಈಗ ಮಲಗಿದಳು. ನನಗೆ ನಿದ್ದೆಯಿಲ್ಲ. ಇವರ ಅಂಗಿಗೆ ಇಸ್ತ್ರಿ ಆಗಬೇಕು. ಇವತ್ತು ದಾವಣಗೆರೆ, ಇವರ ಸ್ಕ್ಯಾನ್ ರಿಪೋರ್ಟ್. ಕೊಟ್ಟೂರಿಂದ ಹರಪನಹಳ್ಳಿವರೆಗೆ ಬಸ್, ಅಲ್ಲಿಂದ ನಾದಿನಿ ಪುಷ್ಪಲತಾಳ ಗಂಡ ಪ್ರವೀಣಕುಮಾರ್ ಅವರ ಜೀಪು.

ಅದೇ ದಿನ, ಸಂಜೆ
ಮಿದುಳಲ್ಲಿ ಗಡ್ಡೆ.
ಡಾಕ್ಟರು ಬೆರಳು ಮಡಚಿ ಹೇಳಿದರು. ವಯಸ್ಸು ಮೂವತ್ಮೂರು — ಒಳ್ಳೇದು. ನಡೀತಾರೆ, ಗೊಬ್ಬರದ ಅಂಗಡಿ ನೋಡ್ಕೋತಾರೆ — ಒಳ್ಳೇದು. ಎಷ್ಟು ತೆಗೆಯೋಕಾಗುತ್ತೆ, ಯಾವ ನಮೂನೆ ಗಡ್ಡೆ — ಆಪರೇಷನ್ ಆದ ಮೇಲೇ ಗೊತ್ತು.
"ಫಿಟ್ಸ್ ಯಾವಾಗಿಂದ?"
"ಎರಡು ತಿಂಗಳಾತ್ರಿ."
"ನೆನಪು ಮಾಡ್ಕೊಳ್ಳಮ್ಮ. ಹಳೇದಾದ್ರೆ ನಿಧಾನಕ್ಕೆ ಬೆಳೆಯೋ ಗಡ್ಡೆ ಇರಬಹುದು. ಎರಡೇ ತಿಂಗಳು ಅಂದ್ರೆ... ಸ್ವಲ್ಪ ಭಯಾನೇ."
ಪಕ್ಕದ ಕುರ್ಚಿಯಲ್ಲಿ ಪ್ರವೀಣಕುಮಾರ್. "ಎರಡೇ ತಿಂಗಳ್ರಿ" ಅಂದೆ. ಎರಡನೇ ಸಲ. ಇವರು ನೆಲ ನೋಡುತ್ತಿದ್ದರು.

14-2
ಎರಡು ತಿಂಗಳಲ್ಲ, ನಾಲ್ಕು ವರ್ಷ.
ಪುಷ್ಪಲತಾಗೆ ಗಂಡು ಹುಡುಕುವಾಗ ಇಟ್ಟಿಗಿ ಊರಲ್ಲಿ ಇವರು ಮೊದಲ ಸಲ ಫಿಟ್ಸ್ ಬಂದು ಬಿದ್ದರು. ಅಣ್ಣನಿಗೆ ಮೂರ್ಛೆ ಅಂದರೆ ತಂಗಿಯನ್ನು ಯಾರು ಮಾಡ್ಕೋತಾರೆ? "ಪಿತ್ತ ಏರೇತಿ ಅನ್ನು" ಅಂದರು ಅತ್ತಿ. ಅಂದೆ. ಆಮೇಲೆ ಅದೇ ರೂಢಿ. ಹಳೇ ಡೈರಿ ತೆಗೆದೆ. ಇವರಿಗೆ ಪಿತ್ತ, ಇವರಿಗೆ ಪಿತ್ತ... ಹನ್ನೊಂದು ಸಲ. ಯಾರೂ ಓದದ ಡೈರಿಯಲ್ಲೂ ಸುಳ್ಳು! ಬಿ.ಎಸ್ಸಿ. ಓದಿದವಳು. ಥೂ.

18-2, ಮಧ್ಯಾಹ್ನ
ಹಿರೀಕರು ಕೂತು ತೀರ್ಮಾನ ಮಾಡಿದರು. ಆಪರೇಷನ್ ಬೇಡ. "ಎರಡು ತಿಂಗಳಾಗ ಇಷ್ಟು ಬೆಳೆದೈತಿ. ತಲಿ ಕೊಯ್ಸಿ ಯಾಕ ಹಿಂಸಿ ಕೊಡಾದು?" — ಇವರ ದೊಡ್ಡಪ್ಪ ಅಜ್ಜಯ್ಯನವರ ಮಾತು. ನನ್ನ ಎರಡು ತಿಂಗಳು.
ಅತ್ತಿ ಅಡುಗೆಮನೆಗೆ ಬಂದು ಕೈ ಹಿಡಿದರು. "ಬಾಯಿ ಬಿಟ್ಟೀಯವ್ವಾ. ಪುಷ್ಪಿನ ತವರಿಗೆ ಕಳಿಸಿಬಿಡ್ತಾರ." ಮಗನಿಗಾಗಿ ಅಳುತ್ತಲೇ ಅಂದರು.
ಇವರು ಪಾಪುನ ತೊಡೆ ಮೇಲೆ ಆಡಿಸ್ತಾ, "ಲೇ, ನಾನು ಸತ್ರ ಪಿತ್ತಕ್ಕ ಸತ್ತ ಅನ್ನು" ಅಂತ ನಕ್ಕರು. ಎದ್ದು ಬಚ್ಚಲಿಗೆ ಹೋದೆ.

23-2
ಫಿಟ್ಸ್ ಮಾತ್ರೆ ಬರೆಸಿಕೊಳ್ಳೋಕೆ ದಾವಣಗೆರೆಗೆ ಹೋಗಿದ್ದು. ಹೇಳಿಬಿಟ್ಟೆ. ಪ್ರವೀಣಕುಮಾರ್ ಮುಂದೆಯೇ. ನಾಲ್ಕು ವರ್ಷ, ಹನ್ನೊಂದು ಸಲ.
"ಇದನ್ನ ಮುಚ್ಚಿಡ್ತಾರೇನಮ್ಮ!" ಡಾಕ್ಟರು ಫೈಲು ತಿದ್ದಿದರು. ಗ್ಯಾರಂಟಿ ಕೊಡಲ್ಲ, ಆದರೆ ಆಪರೇಷನ್ ಬಿಡಬೇಡಿ ಅಂದರು.
ಪ್ರವೀಣಕುಮಾರ್ ಎದ್ದು ಹೊರಗೆ ಹೋದರು. ಹಿಂದೆಯೇ ಹೋದೆ.
"ಅಕ್ಕಾರ, ನಾನೇನು ಪುಷ್ಪಿನ ಬಿಡ್ತಿದ್ನೇನ್ರಿ?"
ಬಿಡ್ತಾರೆ ಅಂತಲೇ ಅಲ್ಲವೇ ನಾವು ನಾಲ್ಕು ವರ್ಷ ತಿಳಿದಿದ್ದು.

28-2, ಆಸ್ಪತ್ರೆ, ಸಂಜೆ 4
ನಾಲ್ಕು ವರ್ಷದ್ದು ಅಂತ ತಿಳಿದ ಮೇಲೆ ಹಿರೀಕರು ಒಪ್ಪಿದರು. ನಾಳೆ ಆಪರೇಷನ್. ತಲೆ ಬೋಳಿಸಿದ್ದಾರೆ. ಪಾಪು ಗುರುತು ಸಿಗದೆ ಅತ್ತಳು.
"ರಕ್ತ ಕೊಡೋರು ಯಾರು?" ನರ್ಸ್ ಕೇಳಿದಳು. ದೊಡ್ಡಪ್ಪ ಗೋಡೆ ನೋಡಿದರು. ಪ್ರವೀಣಕುಮಾರ್ ಅಂಗಿಯ ತೋಳು ಮಡಚುತ್ತಾ ಎದ್ದರು. ಐದು ದಿನದಿಂದ ನನ್ನ ಜೊತೆ ಮಾತಿಲ್ಲ. ಹತ್ತಿರ ಬಂದು ವಾಚು ಬಿಚ್ಚಿ ಕೊಟ್ಟರು. "ಹಿಡ್ಕೋರಿ." ಮುಖ ನೋಡಲಿಲ್ಲ.
ವಾಚು ಇನ್ನೂ ಬೆಚ್ಚಗಿದೆ. ಈಗ ವಾಪಸ್ ಬರ್ತಾರೆ. ಮುಖ ಎತ್ತಿ ನಾನು ಏನಂತ ಹೇಳಲಿ... ಬಂದರು.