ಕೆಂಪು ಗುರುತಿನ ಕೆಳಗಿನ ಚುಕ್ಕಿ

ಮಾರ್ಚ್ 4, ಬೆಳಿಗ್ಗೆ 10.20

ಇವತ್ತಿನ ತಪ್ಪಿನ ಪಟ್ಟಿ: ಆರು. ಒಂದು ತೀರ್ಪಿನ ವರ್ಷ ಅದಲುಬದಲು. ಎರಡಕ್ಕೆ ಪುಟದ ಸಂಖ್ಯೆಯೇ ಇಲ್ಲ. ಉಳಿದ ಮೂರು ಹುಡುಕಿದರೆ ಸಿಗುತ್ತವೆ, ಒತ್ತಿದರೆ ತೆರೆಯುವುದಿಲ್ಲ. ಸಾಫ್ಟ್‌ವೇರ್ ಕಂಪನಿಯ ಇಂಜಿನಿಯರ್ ಪಟ್ಟಿ ನೋಡಿ ಮುಖ ಸಣ್ಣ ಮಾಡಿದ.

“ಮೇಡಂ, ತಪ್ಪು ಅನ್ಬೇಡಿ. ಸುಧಾರಣೆ ಅನ್ನಿ.”

ಆಯಿತಪ್ಪಾ, ಆರು ಸುಧಾರಣೆ.

ಬೈದುಕೊಂಡರೂ ಒಳಗೊಳಗೇ ಹೆಮ್ಮೆ. ಈ ಕೋರ್ಟ್ ಲೈಬ್ರರಿಯಲ್ಲಿ ಇಪ್ಪತ್ತಾರು ವರ್ಷ ಕೈಯಲ್ಲಿ ಬರೆದ ನನ್ನ ರಿಜಿಸ್ಟರುಗಳೇ ತೀರ್ಪು ಹುಡುಕುವ ಈ ಹೊಸ ಸಾಫ್ಟ್‌ವೇರಿಗೆ ಬುನಾದಿ. ಮೇಲಿನ ಕೋರ್ಟು ತಳ್ಳಿಹಾಕಿದ ತೀರ್ಪಿನ ಪಕ್ಕ ನನ್ನ ಕೆಂಪು ಗುರುತು. ಈಗ ಅದೇ ಪರದೆಯ ಮೇಲೆ ಕೆಂಪು ದೀಪ. ಕೆಂಪು ಕಂಡರೆ ಆ ತೀರ್ಪು ಸತ್ತಂತೆ, ಯಾವ ವಕೀಲರೂ ಮುಟ್ಟುವುದಿಲ್ಲ. ಹದಿನೇಳಕ್ಕೆ ಉದ್ಘಾಟನೆ.

ಮಾರ್ಚ್ 9, ಮಧ್ಯಾಹ್ನ

ವಕೀಲಮ್ಮ ಬಂದಿದ್ದಳು. ಜೂನಿಯರ್ ಆಗಿದ್ದಾಗಿನಿಂದ ನನ್ನ ಮೇಜಿನ ಎದುರೇ ಕೂತು ಓದಿದವಳು. ಕಣ್ಣ ಕೆಳಗೆ ಕಪ್ಪು. ಅವಳ ಕಕ್ಷಿದಾರಳು ಬಟ್ಟೆ ಗಿರಣಿಯಲ್ಲಿ ಕೆಲಸದವಳು. ತಾಯಿಗೆ ರಾತ್ರಿ ಪಾಳಿ ಇರುತ್ತದೆಂದು ಕೋರ್ಟು ನಾಲ್ಕು ವರ್ಷದ ಮಗಳನ್ನು ಅಪ್ಪನಿಗೆ ಕೊಡಬೇಕೆಂದಿದೆ. ಮೇಲ್ಮನವಿಗೆ ಹದಿನಾರು ಕೊನೆಯ ದಿನ. ಹದಿನೇಳಕ್ಕೆ ಮಗುವನ್ನು ಒಪ್ಪಿಸಬೇಕು. ಇಪ್ಪತ್ತಕ್ಕೆ ಅಪ್ಪ ಅದನ್ನು ಕರೆದುಕೊಂಡು ಪರದೇಶಕ್ಕೆ ಹೊರಡುತ್ತಾನೆ.

“ಅಕ್ಕಾ, ಪಾಳಿ ಕೆಲಸ ಅಂತ ತಾಯಿಯಿಂದ ಮಗು ಕಿತ್ಕೊಳ್ಳೋ ಹಾಗಿಲ್ಲ ಅಂತ ಒಂದು ಹಳೇ ತೀರ್ಪು ಇತ್ತಲ್ವಾ? ಅದೊಂದು ಸಿಕ್ರೆ ಮೇಲ್ಮನವಿ ಹಾಕ್ಬಿಡ್ತೀನಿ.”

ನಾನೇ ಹುಡುಕಿದೆ. ಎರಡೇ ಸೆಕೆಂಡು. ಕೆಂಪು.

“ಹೋಗಿದೆ ಕಣೇ.”

“ತೀರ್ಪಿನ ಪುಸ್ತಕ ಒಂದ್ಸಲ ನೋಡ್ಬಿಡ್ಲಾ?”

“ಮತ್ತೆ ಇದನ್ಯಾಕೆ ಮಾಡಿಸಿರೋದು? ನನ್ನ ಗುರುತು ಯಾವತ್ತಾದ್ರೂ ತಪ್ಪಿದೆಯಾ?”

ಇಲ್ಲವೆಂದು ತಲೆಯಾಡಿಸಿ ಹೋದಳು. ಹೊರಗೆ ಬೆಂಚಿನ ಮೇಲೆ ಕಕ್ಷಿದಾರಳು, ಗಿರಣಿಯ ನೀಲಿ ಅಂಗಿಯಲ್ಲೇ. ಮಗು ಅವಳ ತೊಡೆಯ ಮೇಲೆ ನಿದ್ದೆ ಹೋಗಿತ್ತು. ಏನು ಮಾಡುವುದು, ಕಾನೂನು.

ಮಾರ್ಚ್ 12, ಬೆಳಿಗ್ಗೆ 11.45

ಇನ್ಯಾವುದೋ ಸುಧಾರಣೆಗೆಂದು ಹಳೆಯ ರಿಜಿಸ್ಟರು ತೆಗೆದೆ. ಅದೇ ತೀರ್ಪು. ಕೆಂಪು ಗುರುತು ಇದೆ. ಅದರ ಕೆಳಗೊಂದು ಚುಕ್ಕಿ.

ಚುಕ್ಕಿ ಎಂದರೆ — ಒಂದು ಭಾಗ ಮಾತ್ರ ಹೋಗಿದೆ, ಉಳಿದದ್ದು ಗಟ್ಟಿ. ಕಾಲಂ ಇಕ್ಕಟ್ಟು, ಬರೆಯಲು ಜಾಗವಿಲ್ಲವೆಂದು ಮೊದಲ ವರ್ಷವೇ ಮಾಡಿಕೊಂಡ ಅಭ್ಯಾಸ. ಕಂಪನಿಗೆ ಗುರುತುಗಳ ವಿವರ ಬರೆದುಕೊಟ್ಟವಳು ನಾನೇ. ಕೆಂಪು, ನೀಲಿ, ಅಡ್ಡಗೆರೆ — ಎಲ್ಲ ಬರೆದೆ. ಚುಕ್ಕಿ ಬರೆಯಲಿಲ್ಲ. ಮರೆತೆ ಎನ್ನಲೂ ಆಗದು… ಅದೂ ಒಂದು ಗುರುತು ಎಂದೇ ಹೊಳೆಯಲಿಲ್ಲ. ಕೈಗೆ ಅಷ್ಟು ರೂಢಿ.

ಮೂಲ ಪುಸ್ತಕ ತೆಗೆದು ನೋಡಿದೆ. ತಳ್ಳಿಹಾಕಿರುವುದು ಜೀವನಾಂಶದ ಪ್ಯಾರಾ ಮಾತ್ರ. ಪಾಳಿ ಕೆಲಸದ ಪ್ಯಾರಾ ಹಾಗೇ ಇದೆ. ಬದುಕಿದೆ.

ಮಧ್ಯಾಹ್ನ 3.00

ಮುಖ್ಯ ಲೈಬ್ರರಿಯನ್ ಸಾಹೇಬರಿಗೆ ಹೇಳಿದೆ. ಎದ್ದು ಬಾಗಿಲು ಹಾಕಿದರು.

“ಇಂಥವು ಎಷ್ಟಿವೆ?”

“ಮುನ್ನೂರರ ಮೇಲಿರ್ಬಹುದು ಸರ್.”

“ಹದಿನೇಳರ ತನಕ ತುಟಿಪಿಟಕ್ ಅನ್ಬೇಡಿ. ನ್ಯಾಯಮೂರ್ತಿಗಳೇ ಬರ್ತಿದ್ದಾರೆ. ಆಮೇಲೆ ಸುಧಾರಣೆ ಅಂತ ಸೇರಿಸೋಣ. ಇದು ಬಂದ್ಮೇಲೆ ನಿಮ್ಮ ಹುದ್ದೆ ಬೇಕೋ ಬೇಡ್ವೋ ಅಂತ ಕಮಿಟಿ ಬೇರೆ ಕೇಳ್ತಿದೆ. ನೆನಪಿರ್ಲಿ.”

“ವಕೀಲಮ್ಮನ ಕೇಸು, ಸರ್…”

“ಅವ್ರು ಪುಸ್ತಕ ನೋಡ್ಬೇಕಿತ್ತು.”

ನೋಡುತ್ತೇನೆ ಎಂದಳು. ಬೇಡವೆಂದವಳು ನಾನು. ಇನ್ನೂ ನಾಲ್ಕು ದಿನವಿದೆ. ನಾಳೆ ಎದ್ದ ಕೂಡಲೇ ಅವಳಿಗೆ ಫೋನ್.

ಮಾರ್ಚ್ 17, ಸಂಜೆ 5.30

ಉದ್ಘಾಟನೆ ಆಯಿತು. ನನ್ನನ್ನು ವೇದಿಕೆಗೆ ಕರೆದು “ಈ ಸಾಫ್ಟ್‌ವೇರಿನ ತಾಯಿ” ಎಂದರು. ಚಪ್ಪಾಳೆ. ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಅಲ್ಲಿಂದ ನೇರ ವಕೀಲಮ್ಮನ ಆಫೀಸಿಗೆ. ನಿಂತುಕೊಂಡೇ ಎಲ್ಲ ಹೇಳಿದೆ.

“ಹನ್ನೊಂದು ಗಂಟೆಗೆ ಮಗು ಕೊಟ್ಟು ಬಂದ್ವಿ ಅಕ್ಕಾ. ಅದು ಅಮ್ಮನ ಅಂಗಿ ಬಿಡ್ತಿರ್ಲಿಲ್ಲ.”

ಮಾರ್ಚ್ 18, ಬೆಳಿಗ್ಗೆ 7.10

ವಕೀಲಮ್ಮನ ಫೋನ್. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

“ತಡ ಮನ್ನಿಸಿ ಅಂತ ಅರ್ಜಿ ಹಾಕ್ತೀನಿ. ಇವತ್ತೇ ಹಾಕ್ಬೇಕು, ಮಗು ಊರು ಬಿಡೋದ್ರೊಳಗೆ. ಗಡುವು ಯಾಕೆ ತಪ್ಪಿತು ಅಂತ ಒಂದೊಂದು ದಿನಕ್ಕೂ ಕಾರಣ ಕೇಳ್ತಾರೆ. ನಂಗೆ ಗೊತ್ತಾಗಿದ್ದು ನಿನ್ನೆ. ನಿಮ್ಗೆ ಹನ್ನೆರಡನೇ ತಾರೀಕು. ನಡುವಿನ ದಿನ ನೀವೇ ಬರ್ದು ಸಹಿ ಮಾಡಿ ಕೊಡ್ಬೇಕು. ಹತ್ತು ಗಂಟೆಗೆ ಬರ್ತೀನಿ.”

ಸಹಿ ಮಾಡಿದರೆ ಕೆಲಸ ಹೋಯಿತು. ಹೋಗಲಿ. ಈಗ ಹೆದರಿಕೆ ಅದರದ್ದಲ್ಲ. ಈ ಡೈರಿಯ ಖಾಲಿ ಪುಟಗಳದ್ದು. ಮೊದಲು ಇಲ್ಲಿ ಬರೆದುಕೊಳ್ಳುತ್ತೇನೆ. ಆಮೇಲೆ ಕಾಗದಕ್ಕೆ.

13 — ಅವಳ ನಂಬರ್ ಒತ್ತಿದೆ. ರಿಂಗ್ ಆಗುವ ಮೊದಲೇ ಕತ್ತರಿಸಿದೆ.

14 — ತಲೆನೋವೆಂದು ರಜೆ. ತಲೆನೋವಿರಲಿಲ್ಲ.

15 — ಭಾಗ ಮಾತ್ರ ಹೋದ ತೀರ್ಪುಗಳಿಗೆ ಹಳದಿ ದೀಪ ಇಡಬಹುದಾ ಎಂದು ಇಂಜಿನಿಯರನ್ನು ಕೇಳಿದೆ, ಯಾವುದೋ ಹೊಸ ವಿಚಾರವೆಂಬಂತೆ. “ಹತ್ತು ನಿಮಿಷದ ಕೆಲ್ಸ ಮೇಡಂ, ಮೊದ್ಲೇ ಹೇಳ್ಬಾರ್ದಿತ್ತಾ?” ಎಂದ. ಉದ್ಘಾಟನೆ ಮುಗಿಯಲಿ ಎಂದೆ.

16 — ಮೂಲ ಪುಸ್ತಕ ಚೀಲದಲ್ಲಿಟ್ಟುಕೊಂಡು ಅವಳ ಆಫೀಸಿನ ತನಕ ಹೋದೆ. ಮೆಟ್ಟಿಲ ಮೇಲೆ ನೀಲಿ ಅಂಗಿಯವಳು ಕೂತು ಮಗುವಿಗೆ ಜಡೆ ಹಾಕುತ್ತಿದ್ದಳು. ನನ್ನ ಗುರುತು ಹಿಡಿದು ಸ್ವಲ್ಪ ಸರಿದು ದಾರಿ ಬಿಟ್ಟಳು. ಆಗ ಗಂಟೆ ಮೂರೂಕಾಲು. ಕೋರ್ಟಿನ ಕೌಂಟರ್ ಮುಚ್ಚುವುದು ಐದಕ್ಕೆ. ನಾನು ಮೆಟ್ಟಿಲು ಹತ್ತಲಿಲ್ಲ.